ಮಿದುಳಿನ ಪಂಚಾಂಗ

ಮುಟ್ಟು ನಿಂತು ಎರಡು ವಾರ. ಬಸುರಿಯೆಂದು ತಾಯಿಗೆ ಆಗಷ್ಟೇ ಗೊತ್ತಾಗಿದೆ. ಎಷ್ಟೋ ವೇಳೆ ಗೊತ್ತೂ ಆಗಿಲ್ಲ. ಅಷ್ಟರಲ್ಲಿ ಒಳಗೆ ಒಂದು ದೊಡ್ಡ ಕೆಲಸ ಮುಗಿದೇಹೋಗಿರುತ್ತದೆ. ನಾಲ್ಕೈದು ಮಿಲಿಮೀಟರ್ ಉದ್ದದ ಭ್ರೂಣದ ಬೆನ್ನ ಮೇಲೆ ಹಾಳೆಯಂತೆ ಹರಡಿದ್ದ ಜೀವಕೋಶಗಳ ಪದರ ಎರಡೂ ಅಂಚುಗಳಿಂದ ಮೇಲೆದ್ದು, ಬಾಗಿ, ಕೊಳವೆಯಾಗಿ ಬೆಸೆದುಕೊಂಡಿರುತ್ತದೆ. ಇದೇ ನರಕೊಳವೆ. ಇದರ ಒಂದು ತುದಿ ಮಿದುಳಾಗುತ್ತದೆ, ಉಳಿದದ್ದು ಬೆನ್ನುಹುರಿ. ಗರ್ಭ ಕಟ್ಟಿದ ಸುಮಾರು 28 ದಿನದೊಳಗೆ ಅದು ಮುಚ್ಚಬೇಕು. ತಪ್ಪಿದರೆ ಇನ್ನೊಂದು ಅವಕಾಶವಿಲ್ಲ.

ಅದಕ್ಕಾಗಿ ಜೀವಕೋಶಗಳು ಬಿರುಸಾಗಿ ಇಮ್ಮಡಿಸುತ್ತಿರಬೇಕು. ಪ್ರತಿ ಸಲವೂ ಡಿಎನ್‌ಎಯ ಹೊಸ ಪ್ರತಿ ಸಿದ್ಧವಾಗಬೇಕು. ಅದನ್ನು ಕಟ್ಟಲು ಇಂಗಾಲದ ತುಣುಕುಗಳನ್ನು ಹೊತ್ತು ತರುವುದು ಫೋಲೇಟ್, ಅಂದರೆ ಬಿ9 ಜೀವಸತ್ವ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 1991ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧ. ಹಿಂದೊಮ್ಮೆ ನರಕೊಳವೆಯ ದೋಷವಿದ್ದ ಮಗುವನ್ನು ಹೊತ್ತ ತಾಯಂದಿರು ಗರ್ಭ ಧರಿಸುವ ಮೊದಲಿನಿಂದಲೇ ಫೋಲೇಟಿನ ಮಾತ್ರೆರೂಪವಾದ ಫೋಲಿಕ್ ಆಮ್ಲ ನುಂಗಿದಾಗ, ದೋಷ ಮರುಕಳಿಸುವುದು ಶೇ 72ರಷ್ಟು ತಗ್ಗಿತು. ಮೂರನೆಯ ತಿಂಗಳಲ್ಲಿ ಶುರುಮಾಡಿದ ಮಾತ್ರೆ ಬೇರೆ ಉಪಯೋಗಕ್ಕೆ ಬಂದೀತು, ಕೊಳವೆಗಲ್ಲ. ಇದನ್ನು ಗರ್ಭಿಣಿಯರ ಮಾತ್ರೆ ಎನ್ನುವುದರ ಬಗ್ಗೆಯೇ ನನಗೆ ತಕರಾರಿದೆ. ಗರ್ಭಿಣಿಯಾಗಲಿರುವವರ ಮಾತ್ರೆ ಎನ್ನಬೇಕು.

ಬಿ12ರ ಕೊರತೆ ಎದ್ದು ಕಾಣುವುದು ಹುಟ್ಟಿದ ಮೇಲೆ, ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಭರದಿಂದ ಬೀಳುತ್ತಿರುವ ಮೊದಲ ವರ್ಷದಲ್ಲಿ. ತಾಯಿಯಲ್ಲೇ ಅದು ಕಡಿಮೆಯಿದ್ದರೆ ಎದೆಹಾಲಿನಲ್ಲೂ ಕಡಿಮೆ. ನಾಲ್ಕೈದು ತಿಂಗಳು ಚೆನ್ನಾಗಿಯೇ ಇದ್ದ ಕೂಸು ನಗುವುದನ್ನು ಬಿಡುತ್ತದೆ. ನಿಂತಿದ್ದ ಕುತ್ತಿಗೆ ಮತ್ತೆ ವಾಲುತ್ತದೆ. ಬಿ12 ಚುಚ್ಚುಮದ್ದು ಬಿದ್ದರೆ ಕೆಲವೇ ದಿನಗಳಲ್ಲಿ ಕಣ್ಣರಳಿಸಿ ನೋಡತೊಡಗುತ್ತದೆ. ತಡವಾದಷ್ಟೂ ಮಾತು, ಕಲಿಕೆ ಹಿಂದುಳಿಯುವ ಭಯವಿದೆ.

ಎಲ್ಲ ಕೊರತೆಯೂ ಹೀಗೆ ಕಣ್ಣಿಗೆ ಬೀಳುವುದಿಲ್ಲ. ಮಿದುಳು ನಡೆಯುವುದು ಗ್ಲೂಕೋಸಿನ ಮೇಲೆ. ಅದನ್ನು ಉರಿಸಲು ಥಯಮಿನ್, ಅಂದರೆ ಬಿ1, ಬೇಕೇ ಬೇಕು. 2003ರಲ್ಲಿ ಇಸ್ರೇಲಿನಲ್ಲಿ ಮಾರಾಟವಾದ ಸೋಯಾ ಶಿಶು ಆಹಾರವೊಂದರಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆಯಿತ್ತು. ಕೆಲವು ಶಿಶುಗಳು ಸತ್ತವು, ಕೆಲವು ತೀವ್ರವಾಗಿ ಕಾಯಿಲೆ ಬಿದ್ದವು. ಅದನ್ನೇ ಕುಡಿದೂ ಏನೂ ಆಗದಂತೆ ಕಂಡ ಮಕ್ಕಳನ್ನು ಐದಾರು ವರ್ಷವಾದಾಗ ಸಂಶೋಧಕರು ಪರೀಕ್ಷಿಸಿದರು. ಗ್ರಹಿಕೆ ಸರಿಯಾಗಿಯೇ ಇತ್ತು. ಆದರೆ ‘ಅಜ್ಜಿ ತಬ್ಬಿಕೊಂಡ ಹುಡುಗಿಯನ್ನು ತೋರಿಸು’ ಎಂಬ ಬಗೆಯ ವಾಕ್ಯ ಬಂದರೆ, ತಬ್ಬಿದವರು ಯಾರು, ತಬ್ಬಿಸಿಕೊಂಡವರು ಯಾರು ಎಂದು ಬಹುತೇಕ ಮಕ್ಕಳಿಗೆ ಬಿಡಿಸಿಕೊಳ್ಳಲಾಗಲಿಲ್ಲ.