ಅಮ್ಮ ಯಾವ ಕಾಲಂಗೆ ಟಿಕ್ ಹಾಕಬೇಕು?

ಕಳೆದ ವರ್ಷ ಅಮ್ಮ ತಿಪಟೂರಿನಿಂದ ನ್ಯೂಜೆರ್ಸಿಗೆ ಬಂದಿದ್ದಳು. ಮಂಡಿ ನೋವು ಅಂತ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಫಾರಂ ಕೊಟ್ಟರು. ಹೆಸರು, ವಯಸ್ಸು, ಅಲರ್ಜಿ ಎಲ್ಲ ಆಯ್ತು, ಆಮೇಲೆ 'ರೇಸ್', ಅಂದರೆ ಜನಾಂಗ. ಅಮ್ಮ ಕನ್ನಡಕ ಏರಿಸಿಕೊಂಡು, "ಇದೇನೇ ಇದು, ಜಾತಿ ಕಾಲಮ್ಮಾ?" ಅಂದಳು. ಅಲ್ಲಮ್ಮ, ಏಷ್ಯನ್ ಅಂತಿದೆ ನೋಡು, ಅದಕ್ಕೆ ಟಿಕ್ ಹಾಕು ಅಂದೆ.

"ಏಷ್ಯನ್ ಅಂದ್ರೆ ಚೀನಾದವರಲ್ವಾ?"

ನಾನು ಇಲ್ಲಿ ಸಮಾಜಶಾಸ್ತ್ರ ಪಾಠ ಮಾಡುವವಳು, ಅದೂ ಇದೇ ವಿಷಯ. ಅಮ್ಮನ ಪ್ರಶ್ನೆಗೆ ನಗು ಬಂತು, ಆದರೆ ಅದು ದಡ್ಡ ಪ್ರಶ್ನೆ ಅಲ್ಲ. ಜೆನ್ನಿಫರ್ ಲೀ ಮತ್ತು ಕಾರ್ತಿಕ್ ರಾಮಕೃಷ್ಣನ್ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಿಳಿಯರು, ಕರಿಯರು, ಲ್ಯಾಟಿನೋಗಳು, ಏಷ್ಯನ್ನರಲ್ಲೂ ಬಹಳಷ್ಟು ಜನ ಹೇಳಿದ್ದು ಹೆಚ್ಚುಕಮ್ಮಿ ಇದನ್ನೇ: ಏಷ್ಯನ್ ಅಂದರೆ ಚೀನಾ, ಜಪಾನ್, ಕೊರಿಯಾ ಕಡೆಯವರು, ಭಾರತ ಪಾಕಿಸ್ತಾನದವರು ಆ ಲೆಕ್ಕಕ್ಕೆ ಬರಲ್ಲ. ನಾವೂ ಏಷ್ಯನ್ನರೇ ಅಂದವರು ಇಲ್ಲಿ ನೆಲೆಸಿದ ಭಾರತೀಯರು, ಪಾಕಿಸ್ತಾನಿಗಳು. ಅಮ್ಮ ಬಂದು ಮೂರೇ ವಾರ ಆಗಿತ್ತು, ಇನ್ನೂ ಕಲಿತಿರಲಿಲ್ಲ.

ಹೌದು, ಇದು ಕಲಿಯುವ ವಿಷಯವೇ. ಊರಿಂದ ಬರುವಾಗ ಯಾರೂ ಸೂಟ್‌ಕೇಸಿನಲ್ಲಿ ರೇಸ್ ಹಾಕಿಕೊಂಡು ಬರಲ್ಲ. ಜಾತಿ ತರ್ತಾರೆ, ಅದು ಬೇರೆ ಮಾತು. ರೇಸ್ ಸಿಗೋದು ಇಲ್ಲಿಗೆ ಬಂದ ಮೇಲೆ, ಫಾರಂ ತುಂಬುವಾಗ. ಆ ಫಾರಂ ಆದರೂ ಒಂದೇ ಥರ ಇತ್ತಾ? 1920ರಿಂದ 1940ರವರೆಗೆ ಅಮೆರಿಕದ ಜನಗಣತಿಯಲ್ಲಿ ನಮ್ಮ ರೇಸ್ 'ಹಿಂದೂ', ಸಿಖ್ಖರಾದರೂ ಅಷ್ಟೇ, ಮುಸ್ಲಿಮರಾದರೂ ಅಷ್ಟೇ. 1970ರಲ್ಲಿ ನಮ್ಮನ್ನು ಬಿಳಿಯರ ಜೊತೆ ಎಣಿಸಿದರು. 1980ಕ್ಕೆ 'ಏಷ್ಯನ್ ಇಂಡಿಯನ್' ಅನ್ನೋ ಹೊಸ ಕಾಲಂ. ಅದನ್ನು ಓಡಾಡಿ ಕೇಳಿ ಪಡೆದದ್ದು ಇಲ್ಲಿನ ಭಾರತೀಯ ಸಂಘದವರೇ, ಅಲ್ಪಸಂಖ್ಯಾತರಿಗೆ ಸಿಗುವ ರಕ್ಷಣೆ ನಮಗೂ ಇರಲಿ ಅಂತ. ಬೇಡ ಅಂತ ಜಗಳ ಆಡಿದ ಭಾರತೀಯರೂ ಇದ್ದರು.

ಕ್ಲಾಸಿನಲ್ಲಿ ನಾನು ತಪ್ಪದೆ ಹೇಳುವ ಕತೆ ಭಗತ್ ಸಿಂಗ್ ಥಿಂದ್ ಅವರದು. ಪಂಜಾಬಿನವರು, ಮೊದಲನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಆಗ ಪೌರತ್ವ ಸಿಗಬೇಕಾದರೆ ಬಿಳಿಯರಾಗಿರಬೇಕು, ಇಲ್ಲಾ ಆಫ್ರಿಕಾ ಮೂಲದವರಾಗಿರಬೇಕು. ಥಿಂದ್ ಅವರ ವಾದ ಏನು ಗೊತ್ತಾ? ನಾನು ಮೇಲ್ಜಾತಿಯವನು, ಆರ್ಯ, ಆದ್ದರಿಂದ ಬಿಳಿಯ. ಜಾತಿ ತೋರಿಸಿ ಬಣ್ಣ ಕೇಳಿದರು! 1923ರಲ್ಲಿ ಸುಪ್ರೀಂ ಕೋರ್ಟ್, ಪುಸ್ತಕದ ಮಾತು ಏನೇ ಇರಲಿ, ಸಾಮಾನ್ಯ ಮನುಷ್ಯನ ಕಣ್ಣಿಗೆ ನೀನು ಬಿಳಿಯ ಅಲ್ಲ ಅಂತು. ಅದಕ್ಕೆ ಮೂರು ತಿಂಗಳ ಹಿಂದಷ್ಟೇ ಇದೇ ಕೋರ್ಟ್ ತಕಾವೊ ಒಜಾವಾ ಅನ್ನೋ ಜಪಾನಿಗೆ, ಮೈ ಬೆಳ್ಳಗಿದ್ದರೆ ಸಾಲದು, ಕಕೇಷಿಯನ್ (ಆಗಿನ ಪುಸ್ತಕಗಳು ಯುರೋಪಿನವರ ಜೊತೆ ನಮ್ಮನ್ನೂ ಸೇರಿಸಿದ್ದ ಜನಾಂಗ) ಆಗಿರಬೇಕು ಅಂದಿತ್ತು.

ಈ ಕಾಲಂಗಳ ಆಟ ಈಗಲೂ ಮುಗಿದಿಲ್ಲ. 2024ರಲ್ಲಿ ಪಶ್ಚಿಮ ಏಷ್ಯಾ, ಉತ್ತರ ಆಫ್ರಿಕಾದವರನ್ನು ಬಿಳಿಯರ ಕಾಲಂನಿಂದ ತೆಗೆದು ಬೇರೆ ಮಾಡಬೇಕು ಅಂತ ಸರ್ಕಾರ ತೀರ್ಮಾನಿಸಿತು.

ಪುಸ್ತಕದ ವ್ಯಾಪಾರದಲ್ಲೂ ಇಂಥದ್ದೇ ಒಂದು ಕಾಲಂ ಇದೆ. ಲೇಖಕರ ಪರವಾಗಿ ಪ್ರಕಾಶಕರ ಜೊತೆ ಮಾತಾಡುವ ಏಜೆಂಟರು, ಎಡಿಟರುಗಳು ಅದನ್ನು 'ಕಾಂಪ್' ಅಂತಾರೆ. ಹಸ್ತಪ್ರತಿ ಕೊಳ್ಳುವ ಮುಂಚೆ ಇದು ಇತ್ತೀಚಿನ ಯಾವ ಪುಸ್ತಕದ ಹಾಗಿದೆ, ಅದು ಎಷ್ಟು ಪ್ರತಿ ಹೋಯಿತು ಅಂತ ತೋರಿಸಬೇಕು. ನಮ್ಮ ಕಡೆ ಸೈಟ್ ಕೊಳ್ಳುವಾಗ ಪಕ್ಕದ್ದು ಎಷ್ಟಕ್ಕೆ ಹೋಯ್ತು ಅಂತ ಕೇಳ್ತೀವಲ್ಲ, ಹಾಗೆ. ಲೇಖಕರಿಗೆ ಕೊಡುವ ಅಡ್ವಾನ್ಸು, ಪ್ರಚಾರದ ದುಡ್ಡು ಎಲ್ಲ ಇದರ ಮೇಲೆಯೇ ನಿಂತಿರುತ್ತೆ.

ನನ್ನ ಹಳೇ ವಿದ್ಯಾರ್ಥಿನಿ ಒಬ್ಬಳು ದಾವಣಗೆರೆಯ ಮಂಡಕ್ಕಿ ಭಟ್ಟಿಯ ಮೇಲೆ ಇಂಗ್ಲಿಷಿನಲ್ಲಿ ಕಾದಂಬರಿ ಬರೆದಿದ್ದಾಳೆ. ಮೂವರು ಅಣ್ಣತಮ್ಮಂದಿರು, ಒಂದು ಭಟ್ಟಿ, ಮೈತುಂಬ ಹೊಗೆ. ಕಾಂಪ್ ಅಂತ ಅವಳು ಕೊಟ್ಟಿದ್ದು ಅಮೆರಿಕದ ಸಣ್ಣ ಊರುಗಳಲ್ಲಿ ಮನೆತನದ ಕಸುಬು ಒಡೆದುಹೋಗುವ ಎರಡು ಕಾದಂಬರಿ. ಏಜೆಂಟ್ ಅವೆರಡನ್ನೂ ತೆಗೆದು ಭಾರತೀಯ ಹೆಸರಿನ ಇಬ್ಬರು ಹೆಂಗಸರ ಪುಸ್ತಕ ಸೇರಿಸಿದರು. ಒಂದು ಕ್ಯಾಲಿಫೋರ್ನಿಯಾದ ಮದುವೆ ಕತೆ. ಭಟ್ಟಿಯೂ ಇಲ್ಲ, ಹೊಗೆಯೂ ಇಲ್ಲ.

ಆ ಏಜೆಂಟ್ ಕೆಟ್ಟವರೇನಲ್ಲ, ಅವಳ ಬರವಣಿಗೆ ಮೆಚ್ಚಿದವರೇ. ತೊಂದರೆ ಇರೋದು ಲೆಕ್ಕದಲ್ಲಿ. ರಿಚರ್ಡ್ ಜೀನ್ ಸೋ ಅನ್ನೋ ವಿದ್ವಾಂಸರು 1950ರಿಂದ 2018ರವರೆಗೆ ದೊಡ್ಡ ಪ್ರಕಾಶಕರು ತಂದ 7,124 ಇಂಗ್ಲಿಷ್ ಕಥಾಸಾಹಿತ್ಯದ ಪುಸ್ತಕ ನೋಡಿದರು, ಶೇ. 95 ಬಿಳಿಯರು ಬರೆದದ್ದು. ಅಂದಮೇಲೆ ಬಿಳಿಯ ಲೇಖಕನಿಗೆ ಹೋಲಿಸಲು ಸಾವಿರಾರು ಪುಸ್ತಕ, ಇವಳಿಗೆ ಕೈಬೆರಳೆಣಿಕೆ. ಆ ಕೆಲವು ಚೆನ್ನಾಗಿ ಹೋಗಿಲ್ಲ ಅಂದರೆ ಇವಳಿಗೂ ಕಡಿಮೆ ದುಡ್ಡು, ಕಡಿಮೆ ಪ್ರಚಾರ, ಆಮೇಲೆ ಕಡಿಮೆ ಮಾರಾಟ. ಮುಂದೆ ಬರುವವಳಿಗೆ ಇವಳೇ ಕಾಂಪ್!

ಬಾನು ಮುಷ್ತಾಕ್ ಅವರ ಕತೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತಲ್ಲ, ಅದನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಕನ್ನಡ ಪದಗಳನ್ನು ಓರೆ ಅಕ್ಷರದಲ್ಲಿ ಹಾಕಲಿಲ್ಲ, ಅಡಿಟಿಪ್ಪಣಿಯನ್ನೂ ಕೊಡಲಿಲ್ಲ. ಹೊರತಂದದ್ದು ಇಂಗ್ಲೆಂಡಿನ ಒಂದು ಸಣ್ಣ ಪ್ರಕಾಶನ. ನಮ್ಮ ಹುಡುಗಿ ಆ ಪುಸ್ತಕ ಓದಿ, ತನ್ನ ಹಳೇ ಪಟ್ಟಿಯನ್ನೇ ಇನ್ನೊಬ್ಬ ಏಜೆಂಟಿಗೆ ಕಳಿಸಿದ್ದಾಳೆ, ಮಂಡಕ್ಕಿ ಅನ್ನೋ ಪದವನ್ನೂ ಹಾಗೇ ಬಿಟ್ಟು. ಉತ್ತರ ಇನ್ನೂ ಬಂದಿಲ್ಲ.

ಅಮ್ಮ ಆವತ್ತು ಕಡೆಗೆ 'ಇತರೆ' ಅನ್ನೋದಕ್ಕೆ ಟಿಕ್ ಹಾಕಿ, ಪಕ್ಕದ ಗೆರೆ ಮೇಲೆ ಕನ್ನಡದಲ್ಲೇ 'ತಿಪಟೂರು' ಅಂತ ಬರೆದಳು.