‘ಇದೆ’ ಎನ್ನಲು ಒಂದು ಪ್ರಕರಣ ಸಾಕು

ಬಲಗಡೆ ಪಕ್ಕೆಲುಬಿನ ಅಂಚಿನಲ್ಲಿ ಆಕೆಗೆ ಎರಡು ವರ್ಷದಿಂದ ನೋವಿತ್ತು. ಬಗ್ಗಿ ಭಾರ ಎತ್ತಿದಾಗ, ರಾತ್ರಿ ಮಗ್ಗುಲು ಬದಲಿಸಿದಾಗ ಚಳಕ್ಕೆಂದು ಚುಚ್ಚಿ, ಆಮೇಲೆ ಗಂಟೆಗಟ್ಟಲೆ ಮಂದವಾಗಿ ಸೆಳೆಯುತ್ತಿತ್ತು. ಎರಡು ಸಲ ಸಿ.ಟಿ. ಸ್ಕ್ಯಾನ್ ಆಗಿತ್ತು, ಎಂಡೋಸ್ಕೋಪಿ ಆಗಿತ್ತು, ರಕ್ತಪರೀಕ್ಷೆಗಳ ಕಟ್ಟೇ ಇತ್ತು. ಎಲ್ಲವೂ ಸರಿಯಾಗಿದೆ ಎಂಬ ವರದಿ. ಪಿತ್ತಕೋಶದ್ದೇ ತೊಂದರೆ ಇರಬಹುದೆಂದು ಒಂದು ಕಡೆ ಅದನ್ನೂ ತೆಗೆದಿದ್ದರು. ನೋವು ಮಾತ್ರ ಇದ್ದಲ್ಲೇ ಇತ್ತು. ನಮ್ಮ ಕ್ಲಿನಿಕ್‌ಗೆ ಬರುವ ಹೊತ್ತಿಗೆ ಅವರ ಕಡತದಲ್ಲಿ ‘ಮಾನಸಿಕ ಒತ್ತಡ’ ಎಂಬ ಪದ ಮೂರು ಕಡೆ ಸೇರಿಕೊಂಡಿತ್ತು.

ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ಆಸ್ಟಿಯೋಪಥಿಕ್ ವೈದ್ಯಕೀಯ ಕಾಲೇಜಿನಲ್ಲಿ, ಅಂದರೆ ಎಂದಿನ ವೈದ್ಯಶಾಸ್ತ್ರದ ಜೊತೆಗೆ ಕೈಚಿಕಿತ್ಸೆಯನ್ನೂ ಕಲಿಸುವ ಕಾಲೇಜಿನಲ್ಲಿ, ನಾನು ಪಾಠ ಮಾಡುತ್ತೇನೆ. ಆ ದಿನ ಮೂರನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ನನ್ನ ಜೊತೆಗಿದ್ದಳು. ರೋಗಿಯ ಕಥೆಯನ್ನು ಪೂರ್ತಿ ಕೇಳಿಸಿಕೊಂಡು, ಮಲಗಿಸಿ, ಬೆರಳುಗಳನ್ನು ಕೊಕ್ಕೆಯಂತೆ ಬಾಗಿಸಿ ಪಕ್ಕೆಯ ಕೆಳ ಅಂಚಿನೊಳಗೆ ಸೇರಿಸಿ ಮೆಲ್ಲನೆ ಮುಂದಕ್ಕೆ ಎಳೆದಳು. ‘ಟಕ್’ ಎಂದಿತು. ‘ಇದೇ, ಇದೇ ನೋವು!’ ಎಂದು ಆಕೆ ಹುಡುಗಿಯ ಮಣಿಕಟ್ಟನ್ನು ಹಿಡಿದುಕೊಂಡರು.

ನಮ್ಮ ಎಂಟು, ಒಂಬತ್ತು, ಹತ್ತನೆಯ ಪಕ್ಕೆಲುಬುಗಳು ಎದೆಯ ನಡುಮೂಳೆಯನ್ನು ನೇರವಾಗಿ ಮುಟ್ಟುವುದಿಲ್ಲ. ಒಂದೊಂದೂ ತನ್ನ ಮೇಲಿನದರ ಮೃದ್ವಸ್ಥಿಗೆ ಅಂಟಿಕೊಂಡಿರುತ್ತದೆ. ಆ ಅಂಟು ಸಡಿಲವಾದರೆ ಪಕ್ಕೆಲುಬಿನ ತುದಿ ಜಾರಿ ಮೇಲಿನ ಪಕ್ಕೆಲುಬಿನ ಕೆಳಗೆ ಹೊಕ್ಕು, ಅಲ್ಲಿ ಹಾದುಹೋಗುವ ನರವನ್ನು ಉಜ್ಜುತ್ತದೆ. ಎಡ್ಗರ್ ಸಿರಿಯಾಕ್ಸ್ ಎಂಬ ವೈದ್ಯರು 1919ರಲ್ಲೇ ಇದನ್ನು ವಿವರಿಸಿದ್ದರು. ಹೀಗಿದ್ದೂ ಇದು ಕಣ್ತಪ್ಪುವುದಕ್ಕೆ ಸರಳ ಕಾರಣವಿದೆ: ಸಿ.ಟಿ. ಯಂತ್ರದೊಳಗೆ ರೋಗಿ ಅಲುಗಾಡದೆ ಮಲಗಿರುತ್ತಾರೆ, ಈ ಪಕ್ಕೆಲುಬು ಜಾರುವುದು ಅಲುಗಾಡಿದಾಗ. ಚಲನೆಯ ಹೊತ್ತಿನಲ್ಲೇ ಮಾಡುವ ಅಲ್ಟ್ರಾಸೌಂಡ್ ಇದನ್ನು ತೋರಿಸಬಲ್ಲದು, ಆದರೆ ಯಾರಾದರೂ ಮೊದಲು ಅನುಮಾನಪಡಬೇಕು. ಆ ಅನುಮಾನ ಹುಟ್ಟುವುದು ಬೆರಳಿನ ತುದಿಯಲ್ಲಿ.

ಇಲ್ಲಿ ನೆಲೆಸಿರುವ ಕನ್ನಡದ ತಂದೆ ತಾಯಂದಿರು ನನ್ನನ್ನು ಆಗಾಗ ಕೇಳುವ ಪ್ರಶ್ನೆಯೊಂದಿದೆ. ‘ಡಾಕ್ಟರೇ, ಮಗಳಿಗೆ ಎಂ.ಡಿ. ಕಾಲೇಜಿನಲ್ಲಿ ಸೀಟು ಸಿಗಲಿಲ್ಲ, ಡಿ.ಒ. ಕಾಲೇಜಿನಲ್ಲಿ ಸಿಕ್ಕಿದೆ. ಅದು ಪೂರ್ಣ ವೈದ್ಯ ಪದವಿಯೇ? ಊರಿನಲ್ಲಿ ನೆಂಟರಿಗೆ ಏನೆಂದು ಹೇಳುವುದು?’ ಎಂದು. ಇಲ್ಲಿ ಎಂ.ಡಿ. ಎಂದರೆ ನಮ್ಮೂರಿನ ಎಂ.ಬಿ.ಬಿ.ಎಸ್.ನಂತೆ ಮೂಲ ವೈದ್ಯ ಪದವಿ, ಡಿ.ಒ. ಎಂದರೆ ಆಸ್ಟಿಯೋಪಥಿಕ್ ಕಾಲೇಜುಗಳು ಕೊಡುವ ಪದವಿ. ಅಮೆರಿಕದಲ್ಲಿ ಅದು ಪೂರ್ಣ ವೈದ್ಯ ಪದವಿಯೇ. ನಾಲ್ಕು ವರ್ಷದ ಓದು, ಆಮೇಲೆ ರೆಸಿಡೆನ್ಸಿ ಎಂಬ ತಜ್ಞ ತರಬೇತಿ, ಶಸ್ತ್ರಚಿಕಿತ್ಸೆಯಿಂದ ಮನೋವೈದ್ಯದವರೆಗೆ ಯಾವ ಶಾಖೆಯಾದರೂ ಸರಿ. 2020ರಿಂದ ಎಂ.ಡಿ., ಡಿ.ಒ. ಇಬ್ಬರ ರೆಸಿಡೆನ್ಸಿಗಳೂ ಒಂದೇ ಮಾನ್ಯತಾ ವ್ಯವಸ್ಥೆಯ ಅಡಿಯಲ್ಲಿವೆ. ಬ್ರಿಟನ್ನಿನಲ್ಲಿ ಹಾಗಲ್ಲ. ಅಲ್ಲಿ 1993ರ ಪ್ರತ್ಯೇಕ ಕಾಯ್ದೆಯ ಪ್ರಕಾರ ನೋಂದಾಯಿತರಾಗುವ ಆಸ್ಟಿಯೋಪಥ್‌ಗಳು ಕೈಚಿಕಿತ್ಸೆ ಮಾಡುವವರು. ಆ ನೋಂದಣಿಯಿಂದ ಔಷಧ ಬರೆಯುವ ವೈದ್ಯರಾಗುವುದಿಲ್ಲ. ಲಂಡನ್ನಿನ ಸೋದರಮಾವ ಹೇಳುವುದೂ ಮಿಷಿಗನ್ನಿನ ಚಿಕ್ಕಮ್ಮ ಹೇಳುವುದೂ ತಾಳೆಯಾಗದಿರಲು ಇದೇ ಕಾರಣ.

ಡಿ.ಒ. ವಿದ್ಯಾರ್ಥಿಗಳು ಉಳಿದೆಲ್ಲ ಪಾಠಗಳ ಜೊತೆಗೆ ಸುಮಾರು 200 ಗಂಟೆಗಳ ಕಾಲ ಸ್ನಾಯು, ಕೀಲು, ಮೂಳೆಗಳನ್ನು ಮುಟ್ಟಿ ತಿಳಿಯುವುದನ್ನೂ ಕೈಯಿಂದ ಚಿಕಿತ್ಸೆ ಮಾಡುವುದನ್ನೂ ಕಲಿಯುತ್ತಾರೆ. ಇದರ ಮೂಲಪುರುಷ ಆಂಡ್ರ್ಯೂ ಟೇಲರ್ ಸ್ಟಿಲ್. 1864ರಲ್ಲಿ ಅವರ ಮೂವರು ಮಕ್ಕಳು ಮೆದುಳಿನ ಪೊರೆಯ ಉರಿಯೂತದಿಂದ ತೀರಿಕೊಂಡರು. ತಾನೇ ವೈದ್ಯನಾಗಿದ್ದೂ ಉಳಿಸಿಕೊಳ್ಳಲಾಗಲಿಲ್ಲ ಎಂಬ ಸಂಕಟದಿಂದ ಸ್ಟಿಲ್ ತಮ್ಮ ಕಾಲದ ಔಷಧಗಳನ್ನೇ ಅನುಮಾನಿಸತೊಡಗಿದರು. ಪಾದರಸದ ಕ್ಯಾಲೊಮೆಲ್ ಕುಡಿಸುತ್ತಿದ್ದ, ರಕ್ತ ಹರಿಸುತ್ತಿದ್ದ ಕಾಲ ಅದು. ಅನುಮಾನ ನ್ಯಾಯವಾದದ್ದೇ. 1874ರಲ್ಲಿ ತಮ್ಮ ಮಾರ್ಗವನ್ನು ಸಾರಿ, 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಮೊದಲ ಶಾಲೆ ತೆರೆದರು. ಮೊದಲ ತರಗತಿಯಲ್ಲೇ ಹೆಂಗಸರಿಗೂ ಜಾಗ ಕೊಟ್ಟರು. ಆದರೆ ರೋಗಗಳೆಲ್ಲ ದೇಹದ ರಚನೆ ತಪ್ಪಿದ್ದರಿಂದ ಬರುತ್ತವೆ, ಕೈಯಿಂದ ಸರಿಪಡಿಸಿದರೆ ಹೋಗುತ್ತವೆ ಎಂಬ ಅವರ ನಂಬಿಕೆ ನಿಲ್ಲಲಿಲ್ಲ. ಗುರುವಿನ ಮೇಲಿನ ಗೌರವ ಇಟ್ಟುಕೊಂಡೇ ಇದನ್ನು ತರಗತಿಯಲ್ಲಿ ಬಾಯಿಬಿಟ್ಟು ಹೇಳುತ್ತೇನೆ. ಮೆದುಳಿನ ಪೊರೆಯ ಸೋಂಕಿಗೆ ಕೊನೆಗೆ ಮದ್ದಾದದ್ದು ಪ್ರತಿಜೀವಕ, ತಡೆಯಾದದ್ದು ಲಸಿಕೆ.

ಈ ಹಿನ್ನೆಲೆಯೇ ನನ್ನ ವಿದ್ಯಾರ್ಥಿನಿಯ ಬರವಣಿಗೆಯಲ್ಲಿ ತಲೆ ಎತ್ತಿತು. ಜಾರುವ ಪಕ್ಕೆಲುಬಿನ ಬಗ್ಗೆ ಅವಳು ಪ್ರಕರಣ ವರದಿ, ಅಂದರೆ ಒಬ್ಬ ರೋಗಿಯ ಕಥೆಯನ್ನು ವೈದ್ಯ ಪತ್ರಿಕೆಗಾಗಿ ದಾಖಲಿಸುವ ಬರಹ, ಬರೆದು ತಂದಳು. ಮೊದಲ ಎರಡು ಪುಟ ಅಚ್ಚುಕಟ್ಟಾಗಿತ್ತು. ಕೊನೆಯಲ್ಲಿ, ‘ನಾಲ್ಕು ವಾರದ ಕೈಚಿಕಿತ್ಸೆಯಿಂದ ನೋವು ಅರ್ಧಕ್ಕೆ ಇಳಿಯಿತು, ಆದ್ದರಿಂದ ಈ ಚಿಕಿತ್ಸೆ ಪರಿಣಾಮಕಾರಿ’ ಎಂದಿತ್ತು. ಆ ಸಾಲನ್ನು ನಾನು ಹೊಡೆದುಹಾಕಿದೆ. ಅವಳ ಮುಖ ಸಣ್ಣದಾಯಿತು. ‘ಸರ್, ನೋವು ಇಳಿದದ್ದು ನಿಜವಲ್ಲವೇ?’ ಎಂದಳು.

ನಿಜವೇ. ಆದರೆ ಏಕೆ ಇಳಿಯಿತು? ಜನ ವೈದ್ಯರ ಬಳಿ ಬರುವುದು ನೋವು ತುತ್ತತುದಿಯಲ್ಲಿ ಇದ್ದಾಗ. ಏನೂ ಮಾಡದೆ ಬಿಟ್ಟರೂ ಅದು ಅಲ್ಲಿಂದ ಸ್ವಲ್ಪ ಇಳಿಯುವ ಸಂಭವವೇ ಹೆಚ್ಚು. ಆ ನಾಲ್ಕು ವಾರ ಆಕೆ ಭಾರ ಎತ್ತುವ ಕೆಲಸಕ್ಕೆ ಬೇರೊಬ್ಬರನ್ನು ಇಟ್ಟುಕೊಂಡಿದ್ದರು. ಎರಡು ವರ್ಷ ಯಾರೂ ನಂಬದ ನೋವಿಗೆ ಒಂದು ಹೆಸರು ಸಿಕ್ಕಿತ್ತು. ಅದು ಕೊಡುವ ನಿರಾಳವೂ ಸಣ್ಣದಲ್ಲ. ಇದರಲ್ಲಿ ನಮ್ಮ ಕೈಯ ಪಾಲು ಎಷ್ಟು ಎಂದು ಒಬ್ಬ ರೋಗಿಯಿಂದ ಹೇಳಲಾಗದು. ಒಂದು ಪ್ರಕರಣ ‘ಇಂಥದ್ದು ಇದೆ’ ಎಂದು ಸಾಕ್ಷಿ ಹೇಳಬಲ್ಲದು. ‘ಇದರಿಂದ ಗುಣವಾಗುತ್ತದೆ’ ಎಂಬುದಕ್ಕೆ ಅದರ ಸಾಕ್ಷಿ ಸಾಲದು.

ಈ ಎರಡನೆಯ ಮಾತಿಗೆ ಬೇಕಾದದ್ದು ಹೋಲಿಕೆಯ ಅಧ್ಯಯನ. ನಮ್ಮ ಕ್ಷೇತ್ರದಲ್ಲಿ ಅಂಥವು ನಡೆದಿವೆ, ಅವುಗಳ ಫಲಿತಾಂಶ ಸಂಭ್ರಮಿಸುವಷ್ಟು ಸರಳವಾಗಿಲ್ಲ. 1999ರಲ್ಲಿ ಪ್ರಕಟವಾದ ಬೆನ್ನುನೋವಿನ ಅಧ್ಯಯನವೊಂದರಲ್ಲಿ 155 ರೋಗಿಗಳನ್ನು ಹೋಲಿಸಿ ನೋಡಿದರು. ಕೈಚಿಕಿತ್ಸೆ ಪಡೆದವರೂ ಮಾಮೂಲಿ ಚಿಕಿತ್ಸೆ ಪಡೆದವರೂ ಸಮನಾಗಿ ಸುಧಾರಿಸಿದರು. ಕೈಚಿಕಿತ್ಸೆಯವರಿಗೆ ಮಾತ್ರೆ ಕಡಿಮೆ ಸಾಕಾಯಿತು. 2010ರಲ್ಲಿ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದ 406 ಹಿರಿಯರ ಮೇಲಿನ ಅಧ್ಯಯನ ಹೊರಬಂತು. ಅದರ ವಿನ್ಯಾಸವನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಬಿಡಿಸಿ ಹೇಳುತ್ತೇನೆ. ಎಲ್ಲರಿಗೂ ಔಷಧವಂತೂ ಇತ್ತು. ಒಂದು ಗುಂಪಿಗೆ ಜೊತೆಗೆ ನಿಜವಾದ ಕೈಚಿಕಿತ್ಸೆ, ಇನ್ನೊಂದಕ್ಕೆ ಬರಿಯ ಹಗುರ ಸ್ಪರ್ಶ, ಮೂರನೆಯದಕ್ಕೆ ಔಷಧ ಮಾತ್ರ. ಸೇರಿಸಿಕೊಂಡ ಎಲ್ಲರನ್ನೂ ಲೆಕ್ಕಕ್ಕೆ ಹಿಡಿದಾಗ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಚಿಕಿತ್ಸೆಯನ್ನು ಕ್ರಮದಂತೆ ಪೂರೈಸಿದವರನ್ನಷ್ಟೇ ನೋಡಿದಾಗ ಕೈಚಿಕಿತ್ಸೆಯವರು ಔಷಧ ಮಾತ್ರ ಪಡೆದವರಿಗಿಂತ ಬೇಗ ಮನೆಗೆ ಹೋಗಿದ್ದರು. ಹಗುರ ಸ್ಪರ್ಶದವರಿಗಿಂತ ಬೇಗ ಹೋದರು ಎನ್ನುವಷ್ಟು ಅಂತರ ಇರಲಿಲ್ಲ. ಈ ಕೊನೆಯ ವಾಕ್ಯವನ್ನು ಬಿಟ್ಟು ಮೊದಲರ್ಧವನ್ನು ಮಾತ್ರ ಭಾಷಣಗಳಲ್ಲಿ ಹೇಳುವವರನ್ನು ಕಂಡರೆ ನನಗೆ ನೋವಾಗುತ್ತದೆ. ಹಾಸಿಗೆಯ ಪಕ್ಕ ಒಬ್ಬರು ಕೂತು ಹತ್ತಾರು ನಿಮಿಷ ಮೈಮುಟ್ಟಿದ್ದರಿಂದಲೇ ಏನಾದರೂ ಆಯಿತೇ ಎಂಬ ಪ್ರಶ್ನೆ ಅಲ್ಲೇ ಅಡಗಿದೆ, ಮತ್ತು ಅದು ಬಹಳ ಬೆಲೆಯುಳ್ಳ ಪ್ರಶ್ನೆ.

ಇಷ್ಟಾದರೂ ಒಂಟಿ ಪ್ರಕರಣವನ್ನು ನಾನು ಕೀಳಾಗಿ ಕಾಣುವವನಲ್ಲ. 1981ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರಿಗೆ ವಿಚಿತ್ರ ನ್ಯುಮೋನಿಯಾ ಬಂದ ಪುಟ್ಟ ವರದಿಯೇ ಏಡ್ಸ್ ಕುರಿತ ಮೊದಲ ವೈದ್ಯಕೀಯ ಪ್ರಕಟಣೆ. ನನಗೆ ಇನ್ನೂ ಪ್ರಿಯವಾದದ್ದು ಹಳೆಯದೊಂದು. ಡೇವಿಡ್ ಬೇಫರ್ಡ್ ಎಂಬ ಇಂಗ್ಲಿಷ್ ವೈದ್ಯ, ಬಹುಕಾಲ ಆಹಾರ ನುಂಗಲಾಗದೆ ನರಳಿ ತೀರಿಕೊಂಡ ಹೆಂಗಸಿನ ಶವವನ್ನು ಪರೀಕ್ಷಿಸಿದ. ಬಲತೋಳಿಗೆ ಹೋಗುವ ಅಪಧಮನಿ ತಪ್ಪು ಜಾಗದಲ್ಲಿ ಹುಟ್ಟಿ, ಅನ್ನನಾಳವನ್ನು ಒತ್ತಿಕೊಂಡು ಅಡ್ಡಹಾದು ಬಲಕ್ಕೆ ಹೋಗಿತ್ತು. 1794ರಲ್ಲಿ ಅದು ಅಚ್ಚಾಯಿತು.

ನಮ್ಮ ಶವಚ್ಛೇದನದ ಕೊಠಡಿಯಲ್ಲಿ ಮೊದಲ ವರ್ಷದವರಿಗೆ ಅದೇ ಅಪಧಮನಿ ಸಿಕ್ಕಿದ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿದೆ. ಪುಸ್ತಕದ ಚಿತ್ರಕ್ಕೂ ಮೇಜಿನ ಮೇಲಿನ ದೇಹಕ್ಕೂ ಹೊಂದಿಕೆಯಾಗದೆ, ತಾವೇ ಏನೋ ಕತ್ತರಿಸಿಬಿಟ್ಟೆವೆಂದು ನಾಲ್ವರೂ ಹೆದರಿ ನಿಂತಿದ್ದರು. ನೂರರಲ್ಲಿ ಒಬ್ಬರಿಗೆ ಆಸುಪಾಸು ಇರುವ ವೈಪರೀತ್ಯವಿದು. ಹೆಚ್ಚಿನವರಿಗೆ ಬದುಕಿಡೀ ಗೊತ್ತೇ ಆಗುವುದಿಲ್ಲ. ಆದರೆ ಅದರ ಜೊತೆ ಇನ್ನೊಂದು ಸಂಗತಿ ಅಂಟಿಕೊಂಡಿದೆ. ಧ್ವನಿಪೆಟ್ಟಿಗೆಯ ಬಲಭಾಗದ ನರ ಸಾಮಾನ್ಯವಾಗಿ ಎದೆಯ ಮೇಲ್ಭಾಗಕ್ಕೆ ಇಳಿದು, ಆ ಅಪಧಮನಿಯನ್ನು ಸುತ್ತಿ ಮತ್ತೆ ಮೇಲಕ್ಕೆ ಬರುತ್ತದೆ. ಅಪಧಮನಿ ತನ್ನ ಜಾಗದಲ್ಲಿ ಇಲ್ಲದಿದ್ದರೆ ಸುತ್ತಲು ಏನೂ ಇಲ್ಲ. ನರ ಕುತ್ತಿಗೆಯಲ್ಲೇ ಅಡ್ಡಕ್ಕೆ ಹೊರಟು ನೇರವಾಗಿ ಧ್ವನಿಪೆಟ್ಟಿಗೆ ಸೇರುತ್ತದೆ. ಥೈರಾಯ್ಡ್ ಶಸ್ತ್ರಚಿಕಿತ್ಸಕರಿಗೆ ಇದು ಮೊದಲೇ ತಿಳಿದಿರದಿದ್ದರೆ ಒಂದು ತಪ್ಪು ಗೆರೆಯಲ್ಲಿ ರೋಗಿಯ ದನಿ ಕುಗ್ಗಬಹುದು. ಅಪರೂಪದ ಪ್ರಕರಣ ಬರೆಯುವುದು ಇದಕ್ಕಾಗಿ, ಮುಂದೆ ಎಲ್ಲೋ ಕತ್ತಿ ಹಿಡಿಯುವ ಕೈಗಾಗಿ. ತನ್ನ ದೇಹವನ್ನು ದಾನ ಮಾಡಿದ ಆ ಹಿರಿಯರಿಗೂ ತಮ್ಮೊಳಗೆ ಇದು ಇದೆಯೆಂದು ಬಹುಶಃ ಗೊತ್ತಿರಲಿಲ್ಲ. ವರ್ಷದ ಕೊನೆಯಲ್ಲಿ ದಾನಿಗಳ ಕುಟುಂಬದವರನ್ನು ಕರೆದು ನಡೆಸುವ ಸ್ಮರಣೆಯ ದಿನ ಆ ನಾಲ್ವರು ಮಕ್ಕಳು ಅತ್ತರು.

ಆಸ್ಟಿಯೋಪಥಿಕ್ ಕಾಲೇಜುಗಳಿಂದ ಇಂಥ ವರದಿಗಳು ಹೆಚ್ಚಾಗಿ ಬರಲು ಕಾರಣಗಳಿವೆ. ಹೆಚ್ಚಿನ ಕಾಲೇಜುಗಳಿಗೆ ಸ್ವಂತದ ದೊಡ್ಡ ಆಸ್ಪತ್ರೆ ಇಲ್ಲ, ಸಂಶೋಧನೆಗೆ ದೊಡ್ಡ ಅನುದಾನವೂ ಇಲ್ಲ. ಮೂರನೆಯ ವರ್ಷಕ್ಕೆ ವಿದ್ಯಾರ್ಥಿಗಳು ಸಣ್ಣ ಊರುಗಳ ಆಸ್ಪತ್ರೆಗಳಿಗೆ ಚದುರಿ ಹೋಗುತ್ತಾರೆ. ಸಾವಿರ ರೋಗಿಗಳ ಅಧ್ಯಯನ ಅಲ್ಲಿ ಆಗದು. ಒಬ್ಬ ರೋಗಿಯನ್ನು ತಿಂಗಳುಗಟ್ಟಲೆ ಹಿಂಬಾಲಿಸಿ ನೋಡುವುದು ಆಗುತ್ತದೆ. ಇದರ ಜೊತೆ ಒಂದು ಒತ್ತಡವೂ ಬಂದಿದೆ. 2022ರ ಜನವರಿಯಿಂದ ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆಯ ಮೊದಲ ಹಂತಕ್ಕೆ ಅಂಕಗಳಿಲ್ಲ, ಪಾಸು ಅಥವಾ ಫೇಲು ಅಷ್ಟೇ. ರೆಸಿಡೆನ್ಸಿಗೆ ಅರ್ಜಿ ಹಾಕುವವರು ಅಂಕದ ಬದಲಿಗೆ ಪ್ರಕಟಣೆಗಳನ್ನು ಪೇರಿಸತೊಡಗಿದ್ದಾರೆ. ‘ಅಪರೂಪದ ಪ್ರಕರಣ ಏನಾದರೂ ಇದೆಯೇ ಸರ್?’ ಎಂದು ಕ್ಲಿನಿಕ್‌ಗೆ ಬಂದ ಮೊದಲ ವಾರವೇ ಕೇಳುತ್ತಾರೆ. ನಾನು ಆಗ ಮಾಮೂಲಿ ಕುತ್ತಿಗೆನೋವಿನ ರೋಗಿಗಳ ಬಳಿ ಕಳಿಸುತ್ತೇನೆ.

ಅದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ಮೂವತ್ತರ ಆಸುಪಾಸಿನ ಒಬ್ಬರು ಕುತ್ತಿಗೆ ಹಿಡಿದುಕೊಂಡಿದೆ, ಸ್ವಲ್ಪ ಸರಿಮಾಡಿಕೊಡಿ ಎಂದು ಬಂದಿದ್ದರು. ನೋವು ಹಿಂದೆಂದೂ ಕಂಡಿರದ ಬಗೆಯದು, ಒಂದೇ ಬದಿಗೆ, ಜೊತೆಗೆ ತಲೆಯ ಹಿಂಭಾಗದಲ್ಲಿ ಸಿಡಿತ, ಬೆಳಗ್ಗೆ ಒಮ್ಮೆ ನಡಿಗೆ ತೂರಾಡಿದಂತೆ. ಬೆನ್ನೆಲುಬಿನ ಪಕ್ಕದಲ್ಲಿ ಮೆದುಳಿಗೆ ಏರುವ ಅಪಧಮನಿಯ ಒಳಪದರ ಸೀಳಿದಾಗ ಹೀಗಾಗುತ್ತದೆ. ಕುತ್ತಿಗೆಯ ಅಪಧಮನಿಗಳ ಸೀಳು ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು ಮೂವರಿಗೆ ಮಾತ್ರ. ಆದರೂ ಚಿಕ್ಕ ವಯಸ್ಸಿನವರ ಪಾರ್ಶ್ವವಾಯುವಿಗೆ ಮುಖ್ಯ ಕಾರಣಗಳಲ್ಲಿ ಒಂದು. ಅಂಥ ಕುತ್ತಿಗೆಯನ್ನು ಯಾರಾದರೂ ಝಟ್ಟನೆ ತಿರುಗಿಸಿದರೆ ಅನಾಹುತ. ಕೈ ಹಿಂದಕ್ಕೆ ಎಳೆದುಕೊಂಡು ತುರ್ತು ವಿಭಾಗಕ್ಕೆ ಕಳಿಸಿದೆವು. ರಕ್ತನಾಳಗಳ ಸ್ಕ್ಯಾನ್ ಅನುಮಾನವನ್ನು ಖಚಿತಪಡಿಸಿತು. ಕುತ್ತಿಗೆ ಲಟಿಕೆ ತೆಗೆಸುವುದನ್ನು ಹವ್ಯಾಸ ಮಾಡಿಕೊಂಡವರು ಬೆಂಗಳೂರಿನಲ್ಲೂ ಇದ್ದಾರೆ, ಕ್ಷೌರದ ಕುರ್ಚಿಯಲ್ಲೂ ಅದು ನಡೆಯುತ್ತದೆ. ಕುತ್ತಿಗೆಯನ್ನು ರಭಸದಿಂದ ತಿರುಗಿಸಲು ಯಾರಿಗೂ ಬಿಡಬೇಡಿ. ಹೊಸ ಬಗೆಯ ಕುತ್ತಿಗೆನೋವಿನೊಡನೆ ತಲೆಸುತ್ತು, ಮಾತು ತೊದಲುವುದು, ದೃಷ್ಟಿ ಎರಡಾಗುವುದು ಕಂಡರೆ ನೇರವಾಗಿ ಆಸ್ಪತ್ರೆಗೆ ಹೋಗಿ.

ಬರೆಯುವಾಗಿನ ಇನ್ನೊಂದು ಎಚ್ಚರ ಗುರುತಿನದು. ಇಲ್ಲಿನ ಕಾನೂನು ಹೆಸರು, ವಿಳಾಸ, ದಿನಾಂಕ ಸೇರಿ 18 ಬಗೆಯ ವಿವರಗಳನ್ನು ತೆಗೆಯಬೇಕೆನ್ನುತ್ತದೆ. 89 ವರ್ಷ ಮೀರಿದವರ ವಯಸ್ಸನ್ನೂ ಹಾಗೆಯೇ ಬರೆಯುವಂತಿಲ್ಲ. ಆದರೆ ಮೂರು ಸಾವಿರ ಜನರ ಊರಿನಲ್ಲಿ ‘ಕುದುರೆ ಸಾಕುವ ಮಧ್ಯವಯಸ್ಸಿನ ಮಹಿಳೆ’ ಎಂದರೆ ಸಾಕು, ಅಂಚೆಯವನಿಗೂ ಯಾರೆಂದು ತಿಳಿಯುತ್ತದೆ. ಅದಕ್ಕೇ ರೋಗಿಯ ಒಪ್ಪಿಗೆಯಷ್ಟೇ ಸಾಲದು, ಅಚ್ಚಿಗೆ ಹೋಗುವ ಮುನ್ನ ಅವರು ಪೂರ್ತಿ ಓದಲಿ ಎಂಬುದು ನನ್ನ ಕಟ್ಟಳೆ. ಇಲ್ಲಿ ಹೇಳಿದ ರೋಗಿಗಳ ವಿವರಗಳನ್ನೂ ಗುರುತು ಸಿಗದಂತೆ ಬದಲಿಸಿದ್ದೇನೆ. ಪ್ರಕರಣ ವರದಿಗಳಿಗಾಗಿ 2013ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ರೋಗಿಯ ಸ್ವಂತ ಮಾತಿಗೆಂದೇ ಒಂದು ಭಾಗವಿದೆ. ಬಹಳ ಜನ ಅದನ್ನು ಖಾಲಿ ಬಿಡುತ್ತಾರೆ.

ಪಕ್ಕೆಲುಬಿನ ಆಕೆ ವರದಿಯನ್ನು ಎರಡು ದಿನ ಇಟ್ಟುಕೊಂಡರು. ಅಷ್ಟರಲ್ಲಿ ನರದ ಬಳಿ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ನೋಡಿದ್ದೆವು, ಆ ಕೆಲವು ಗಂಟೆ ನೋವು ಪೂರ್ತಿ ಹೋಗಿತ್ತು. ಶಸ್ತ್ರಚಿಕಿತ್ಸೆಯ ದಿನವೂ ಗೊತ್ತಾಗಿತ್ತು. ಮರಳಿ ತಂದ ಪ್ರತಿಯಲ್ಲಿ ಪೆನ್ಸಿಲ್ಲಿನ ಗುರುತು ಒಂದೇ ಒಂದು ಕಡೆ ಇತ್ತು. ‘ರೋಗಿಯು ಎರಡು ವರ್ಷಗಳಿಂದ ನೋವಿನ ಬಗ್ಗೆ ದೂರುತ್ತಿದ್ದರು’ ಎಂದು ವಿದ್ಯಾರ್ಥಿನಿ ಬರೆದಿದ್ದ ಸಾಲಿನಲ್ಲಿ ‘ದೂರುತ್ತಿದ್ದರು’ ಎಂಬುದಕ್ಕೆ ಗೆರೆ ಎಳೆದು, ಮೇಲೆ ‘ಹೇಳುತ್ತಿದ್ದರು’ ಎಂದು ತಿದ್ದಿದ್ದರು. ಅಚ್ಚಿನಲ್ಲಿ ಹಾಗೆಯೇ ಬಂದಿದೆ.