ಹಳೇ ಕಾಲದ ಸೌಂಡ್ ಬೇಕು, ದುಡ್ಡಿರುವುದು ಒಂದೇ ಪೆಡಲ್‌ಗೆ. ಯಾವುದು ತಗೊಳ್ಳಲಿ?

ಪ್ರಶ್ನೆ: ಎಪ್ಪತ್ತರ ದಶಕದ ರೆಕಾರ್ಡುಗಳಲ್ಲಿ ಗಿಟಾರ್ ತೇಲಿದ ಹಾಗೆ, ಸುತ್ತಿದ ಹಾಗೆ ಕೇಳುತ್ತದಲ್ಲ, ಆ ಸೌಂಡ್ ನನಗೆ ಬೇಕು. ಗಿಟಾರಿನ ಧ್ವನಿ ಬದಲಿಸುವ, ಕಾಲಲ್ಲಿ ಒತ್ತುವ ಪೆಡಲ್ ಪೆಟ್ಟಿಗೆಗಳಲ್ಲಿ ಫೇಸರ್, ಕೋರಸ್, ಫ್ಲಾಂಜರ್, ಯೂನಿವೈಬ್ ಅಂತ ಹೆಸರುಗಳು ಬೇಕಾದಷ್ಟಿವೆ. ಸದ್ಯಕ್ಕೆ ಒಂದನ್ನೇ ಕೊಳ್ಳಬಲ್ಲೆ. ಯಾವುದು ಸರಿ?

ನೀವು ಜಾಸ್ತಿ ನುಡಿಸುವುದು ಕ್ಲೀನ್ ಟೋನಿನಲ್ಲೋ (ಒರಟಿಲ್ಲದ ತಿಳಿ ಧ್ವನಿ), ಡ್ರೈವ್ (ಧ್ವನಿ ಒಡೆದು ಒರಟಾಗುವ ಹಾಗೆ ಮಾಡುವುದು) ಹಾಕಿಕೊಂಡೋ? ಮುಕ್ಕಾಲು ಉತ್ತರ ಅಲ್ಲೇ ಇದೆ. ಡ್ರೈವ್ ಆದರೆ ಫೇಸರ್ ಅಥವಾ ಯೂನಿವೈಬ್. ಕ್ಲೀನ್ ಆದರೆ ಕೋರಸ್. ಫ್ಲಾಂಜರ್ ಈಗಲೇ ಬೇಡ. ಯಾಕೆ ಅಂತ ತಿಳಿಯಲು ಪೆಟ್ಟಿಗೆಯ ಒಳಗೆ ಸ್ವಲ್ಪ ಇಣುಕಬೇಕು.

ಯೂನಿವೈಬ್‌ನಿಂದ ಶುರು ಮಾಡೋಣ, ನನಗೆ ಅದರ ಮೇಲೆ ಪ್ರೀತಿ ಜಾಸ್ತಿ. ಅರವತ್ತರ ದಶಕದ ಕೊನೆಗೆ ಜಪಾನಿನ ಶಿನ್-ಎಯ್ ಕಂಪನಿಗಾಗಿ ಫುಮಿಯೊ ಮಿಯೆದಾ ಎಂಬ ಎಂಜಿನಿಯರ್ ಇದನ್ನು ರೂಪಿಸಿದರು. ತಿರುಗುವ ಲೆಸ್ಲಿ ಸ್ಪೀಕರಿನ ನಕಲು ಅಂತ ತುಂಬಾ ಜನ ಹೇಳುತ್ತಾರೆ. ಆದರೆ ತಮಗೆ ಹೊಳಹು ಸಿಕ್ಕಿದ್ದು ರೇಡಿಯೊ ಮಾಸ್ಕೋ ಕೇಳುವಾಗ ಅಂತ ಮಿಯೆದಾ ಹೇಳಿದ್ದಾರೆ. ದೂರದಿಂದ ಬರುವ ಆ ಧ್ವನಿ ಅಲೆಅಲೆಯಾಗಿ ಏರಿಳಿಯುತ್ತಿತ್ತು. ರಾತ್ರಿ ಹೊತ್ತು ಶಾರ್ಟ್‌ವೇವ್ ಸ್ಟೇಷನ್ ಹಿಡಿಯಲು ಮುಳ್ಳು ತಿರುಗಿಸಿದವರು ನಮ್ಮಲ್ಲೂ ಇದ್ದಾರೆ. ಹಾಡು ಮಸುಕಾಗಿ, ಮತ್ತೆ ಉಕ್ಕಿ ಬರುವ ಆ ಗುಣ ಅವರಿಗೆ ಗೊತ್ತು. ಯೂನಿವೈಬ್ ಅದೇ.

ಒಳಗೆ ಒಂದು ಪುಟ್ಟ ಬಲ್ಬು, ಅದರ ಸುತ್ತ ಬೆಳಕಿಗೆ ಸ್ಪಂದಿಸುವ ನಾಲ್ಕು ಫೋಟೋಸೆಲ್. ಬಲ್ಬು ಮಿಣಮಿಣ ಅನ್ನುತ್ತದೆ, ಸೆಲ್‌ಗಳು ಸಿಗ್ನಲ್ಲಿನ ಫೇಸ್, ಅಂದರೆ ಅದರ ಅಲೆ ಏರಿಳಿಯುವ ಹೊತ್ತು, ಬದಲಿಸುತ್ತವೆ. ಬಲ್ಬು ತಟ್ಟನೆ ಹೊತ್ತಿ ತಟ್ಟನೆ ಆರುವುದಿಲ್ಲ, ಬಿಸಿಯಾಗಲು ತಣಿಯಲು ಸಮಯ ಬೇಕು. ಸೆಲ್‌ಗಳೂ ನಿಧಾನ. ಅದಕ್ಕೇ ಅದರ ಮಿಡಿತ ಗಡಿಯಾರದ ಹಾಗೆ ಸಮ ಇರುವುದಿಲ್ಲ, ಎದೆಬಡಿತದ ಹಾಗೆ ಓರೆಯಾಗಿರುತ್ತದೆ. ಜೊತೆಗೆ ಸೆಲ್‌ಗೆ ಒಂದರಂತೆ ಇರುವ ನಾಲ್ಕು ಹಂತಗಳ ಕೆಪಾಸಿಟರ್ ಅಳತೆಗಳೂ ಬೇರೆಬೇರೆ. 1969ರ ಆಗಸ್ಟಿನಲ್ಲಿ ವುಡ್‌ಸ್ಟಾಕ್ ಸಂಗೀತೋತ್ಸವದ ವೇದಿಕೆಯಲ್ಲಿ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಇದನ್ನೇ ಬಳಸಿದ್ದರು. ಇವತ್ತು ವೈಬ್ ಮಾದರಿಯ ಪೆಡಲ್ ಕೊಳ್ಳುವಾಗ ಒಳಗೆ ನಿಜವಾದ ಬಲ್ಬು ಇದೆಯಾ ಅಂತ ಕೇಳಿ. ಬಲ್ಬಿಲ್ಲದ ಒಳ್ಳೆ ಪೆಡಲ್‌ಗಳೂ ಇವೆ, ಆದರೆ ಆ ಓರೆ ಮಿಡಿತ ಬಂದಿದೆಯಾ ಅಂತ ಕಿವಿಯಲ್ಲೇ ಕೇಳಿ ನೋಡಬೇಕು.

ಫೇಸರ್ ಇದರ ತಮ್ಮ. ಎಂಎಕ್ಸ್ಆರ್ ಕಂಪನಿಯ ಫೇಸ್ 90 ಎಂಬ ಫೇಸರ್ ಬಂದದ್ದು 1974ರಲ್ಲಿ. ಕಿತ್ತಳೆ ಬಣ್ಣ, ಸ್ಪೀಡ್ ಅಂತ ಒಂದೇ ನಾಬ್. ಇಲ್ಲೂ ನಾಲ್ಕು ಹಂತಗಳಿವೆ, ಆದರೆ ಬಲ್ಬಿನ ಜಾಗದಲ್ಲಿ ಟ್ರಾನ್ಸಿಸ್ಟರ್‌ಗಳಿವೆ, ಹಂತಗಳೂ ಒಂದೇ ಥರ. ಹಾಗಾಗಿ ಸುತ್ತು ನುಣುಪು. ಆ ನಾಲ್ಕು ಹಂತಗಳು ಸೇರಿ ಧ್ವನಿಯಲ್ಲಿ ಎರಡು ತಗ್ಗು ತೋಡುತ್ತವೆ, ಆ ತಗ್ಗುಗಳು ಮೇಲೆ ಕೆಳಗೆ ಓಡಾಡುತ್ತವೆ. ಡ್ರೈವ್ ಹಾಕಿದಾಗ ಸಿಗ್ನಲ್ಲಿನಲ್ಲಿ ಮೇಲಿನ ಹಾರ್ಮೋನಿಕ್ಸ್ (ಮೂಲ ಸ್ವರದ ಮೇಲಿನ ಉಪಸ್ವರಗಳು) ತುಂಬಿರುತ್ತವೆ. ತೋಡಲು ಸಾಮಗ್ರಿ ಜಾಸ್ತಿ ಸಿಗುತ್ತದೆ ಅಲ್ವಾ? ಅದಕ್ಕೇ ಇವೆರಡೂ ಡ್ರೈವ್ ಜೊತೆ ಅಷ್ಟು ಚೆನ್ನಾಗಿ ಕೂಡುತ್ತವೆ. ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಸೋಲೋಗಳಲ್ಲಿ ಫೇಸ್ 90 ಅನ್ನು ನಿಧಾನದ ಸ್ಪೀಡಿನಲ್ಲಿ ಇಟ್ಟುಕೊಳ್ಳುತ್ತಿದ್ದರು.

ಫೇಸ್ 90ರಲ್ಲೇ ಎರಡು ಬಗೆ. ಮೊದಲಿನದರಲ್ಲಿ ಹೆಸರು ಕೈಬರಹದ ಹಾಗಿತ್ತು, ಆಮೇಲಿನದರಲ್ಲಿ ದಪ್ಪ ಅಚ್ಚಕ್ಷರ. ಎರಡನೆಯದಕ್ಕೆ ಫೀಡ್‌ಬ್ಯಾಕ್‌ಗಾಗಿ, ಅಂದರೆ ಹೊರಬಂದ ಸಿಗ್ನಲ್ಲನ್ನು ಮತ್ತೆ ಒಳಗೆ ಕಳಿಸಲು, ಒಂದು ರೆಸಿಸ್ಟರ್ ಸೇರಿಸಿದರು, ಸುತ್ತು ಖಾರವಾಯಿತು. ಹಳೇ ಮೃದು ಗುಣವೇ ಬೇಕಿದ್ದರೆ ಆ ಕೈಬರಹದ ಬಗೆಯನ್ನು ಸ್ಕ್ರಿಪ್ಟ್ ಲೋಗೋ ಅಂತ ಹುಡುಕಿ.

ಕೋರಸ್‌ನ ದಾರಿ ಬೇರೆ. ರೋಲ್ಯಾಂಡ್ ಕಂಪನಿಯ ಜೆಸಿ-120 ಆಂಪಿನ (ಗಿಟಾರ್ ಆಂಪ್ಲಿಫೈಯರ್) ಒಳಗಿದ್ದ ಕೋರಸ್ಸನ್ನು ಹೊರಗೆ ತೆಗೆದು 1976ರಲ್ಲಿ ಬಾಸ್ (Boss) ಹೆಸರಿನಲ್ಲಿ ಸಿಇ-1 ಪೆಡಲ್ ಮಾಡಿದರು. ಚಿಕ್ಕ ಸಿಇ-2 ಬಂದದ್ದು 1979ರಲ್ಲಿ. ಇವುಗಳ ಜೀವ ಬಕೆಟ್ ಬ್ರಿಗೇಡ್ ಚಿಪ್. ಬೆಂಕಿ ಬಿದ್ದಾಗ ಬಾವಿಯಿಂದ ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡ ದಾಟಿಸುತ್ತಾರಲ್ಲ, ಹಾಗೆ ಸಿಗ್ನಲ್ ಹಂತದಿಂದ ಹಂತಕ್ಕೆ ದಾಟಿ ತುಸು ತಡವಾಗಿ ಹೊರಬರುತ್ತದೆ. ಸಿಇ-2ರ ಚಿಪ್ಪಿನಲ್ಲಿ ಅಂಥ 1024 ಹಂತಗಳಿವೆ. ದಾಟುವ ವೇಗ ಬದಲಾದಾಗ ಶ್ರುತಿ ಒಂಚೂರು ಅಲುಗುತ್ತದೆ. ಅಲುಗುವ ಧ್ವನಿ ಮೂಲದ ಜೊತೆ ಬೆರೆತಾಗ ಭಜನೆಯಲ್ಲಿ ಹತ್ತು ಜನ ಒಂದೇ ಸ್ವರ ಹಾಡಿದ ತುಂಬು ಸಿಗುತ್ತದೆ. ಕ್ಲೀನ್ ಆರ್ಪೆಜಿಯೋಗೆ (ಕಾರ್ಡಿನ ಸ್ವರಗಳನ್ನು ಒಂದೊಂದಾಗಿ ಮೀಟುವುದು) ಇದಕ್ಕಿಂತ ಚಂದದ ಜೊತೆ ಇಲ್ಲ. ಆದರೆ ಹೆಚ್ಚು ಡ್ರೈವ್ ಇದ್ದಾಗ ಆ ಎರಡು ಶ್ರುತಿಗಳು ಒಂದರ ಮೇಲೊಂದು ಬಿದ್ದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಕಲಸಿಹೋಗುತ್ತದೆ.

ಫ್ಲಾಂಜರ್‌ನಲ್ಲೂ ಇದೇ ಥರದ ಚಿಪ್, ವಿಳಂಬ ಇನ್ನೂ ಕಡಿಮೆ, ಫೀಡ್‌ಬ್ಯಾಕ್ ಜಾಸ್ತಿ. ಜೆಟ್ ವಿಮಾನ ಹಾರಿದಂಥ ಸೌಂಡ್. ಬಲು ಸೊಗಸು, ಆದರೆ ಒಂದೇ ಸಂಜೆಯಲ್ಲಿ ನಾಲ್ಕು ಹಾಡಿಗೆ ಹಾಕಿದರೆ ಕಿವಿ ಸೋಲುತ್ತದೆ.

ನಿಜವಾದ ಹಳೇ ಪೆಡಲ್ ಕೊಳ್ಳುವ ಮನಸ್ಸಿದ್ದರೆ ಕರೆಂಟಿನ ವಿಷಯ ಮೊದಲು ನೋಡಿ. ಸಿಇ-1 ಮತ್ತು ಮೂಲ ಯೂನಿವೈಬ್ ನೇರ ಗೋಡೆಯ ಕರೆಂಟಿಗೆ ಸೇರುವಂಥವು. ಜಪಾನಿನಲ್ಲಿ ಮಾರಿದ್ದು 100 ವೋಲ್ಟಿನದು, ನಮ್ಮ ಮನೆಗಳಲ್ಲಿ 230. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಹಾಕಿದರೆ ಸುಟ್ಟೇ ಹೋಗುತ್ತದೆ. ಎಪ್ಪತ್ತರ ದಶಕದ ಫೇಸ್ 90ಗೆ ಅಡಾಪ್ಟರ್ ತೂತೇ ಇಲ್ಲ, ಆನ್ ಆಗಿದೆ ಅಂತ ತೋರಿಸುವ ಎಲ್ಇಡಿಯೂ ಇಲ್ಲ, ಬ್ಯಾಟರಿ ಮಾತ್ರ. ನನ್ನ ಮಟ್ಟಿಗೆ ದಿನಾ ನುಡಿಸುವವರಿಗೆ ಹಳೇ ಸರ್ಕ್ಯೂಟಿನ ಹೊಸ ಪೆಡಲ್ಲೇ ಒಳ್ಳೆಯದು.

ಅಂಗಡಿಗೆ ನಿಮ್ಮದೇ ಗಿಟಾರ್ ತಗೊಂಡು ಹೋಗಿ. ಸ್ಪೀಡ್ ಪೂರ್ತಿ ಇಳಿಸಿ ಒಂದು ಕಾರ್ಡ್ ಹಿಡಿದು ಸುಮ್ನೆ ಕೇಳಿ. ಆನ್ ಮಾಡಿದಾಗ ವಾಲ್ಯೂಮ್ ಬೀಳುತ್ತದಾ? ತಂತಿ ಮುಟ್ಟದಿದ್ದಾಗ ಟಿಕ್ ಟಿಕ್ ಅನ್ನುತ್ತದಾ?

ಇನ್ನೂ ಮನಸ್ಸು ಹೊಯ್ದಾಡುತ್ತಿದ್ದರೆ ಫೇಸರ್ ತಗೊಳ್ಳಿ, ಅದು ಕ್ಲೀನಿಗೂ ಒಗ್ಗುತ್ತದೆ. ಮನೆಗೆ ತಂದ ದಿನ ಡ್ರೈವ್‌ಗೆ ಮೊದಲು ಒಂದು ಸಲ, ಆಮೇಲೆ ಒಂದು ಸಲ ಜೋಡಿಸಿ ನುಡಿಸಿ. ಮೊದಲು ಇಟ್ಟರೆ ಸುತ್ತು ಡ್ರೈವ್‌ನ ಒಳಗೆ ಬೆರೆತು ಮಿಡಿಯುತ್ತದೆ, ಆಮೇಲೆ ಇಟ್ಟರೆ ಎದ್ದು ಕೇಳುತ್ತದೆ. ನನ್ನದು ಯಾವಾಗಲೂ ಮೊದಲು.